ಅಲ್ಯೂಮಿನಿಯಂ ಮಾತಾಡುತ್ತೆ

ಮೇ ತಿಂಗಳಲ್ಲಿ ಮೀನು ಹಿಡಿಯುವ ಕಾಲ ಶುರುವಾಗುವ ಶನಿವಾರ, ಮಿನ್ನೆಸೋಟಾದಲ್ಲಿ ಮನೆಯಲ್ಲೇ ಕೂತ ಗಂಡಸಿಗೆ ಮರ್ಯಾದೆಯಿಲ್ಲ. ವರ್ಲಿನ್ ಹನ್ನೊಂದು ವರ್ಷ ಆ ಶನಿವಾರವನ್ನು ಹೆಂಡತಿಯ ಅಣ್ಣ ಡೆಲ್ಮರ್‌ನ ದೋಣಿಯಲ್ಲಿ ಕಳೆದಿದ್ದ. ಗಾಳ ಹಿಡಿಯುವವನು ಡೆಲ್ಮರ್, ಗಾಳಕ್ಕೆ ಬಿದ್ದ ಮೀನಿಗೆ ಕೈಬಲೆ ಒಡ್ಡುವವನು ವರ್ಲಿನ್. ಈ ಸಲ ಅವನು ಊಟದ ಮೇಜಿನಲ್ಲೇ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟ: ಸ್ವಂತ ದೋಣಿ, ಅದರಲ್ಲಿ ಇಡೀ ಸಂಸಾರ, ಅತ್ತೆಯೂ ಸೇರಿ!

"ಹಳೇ ದೋಣಿ ಆರಿಸೋಕೆ ನಿಂಗೇನು ಗೊತ್ತು?" ಎಂದಳು ಹೆಂಡತಿ ಮಾರ್ಲಿಸ್.

"ಬೆರಳಲ್ಲಿ ತಟ್ಟಿದ್ರೆ ಸಾಕು. ಅಲ್ಯೂಮಿನಿಯಂ ಮಾತಾಡುತ್ತೆ."

ಮಾರಾಟಕ್ಕೆ ಎರಡು ದೋಣಿಗಳಿದ್ದವು. ವಿಧವೆ ಆರ್ಡಿಸ್‌ಳದು ಹದಿನಾರು ಅಡಿ; ಐದು ಜನ ಕಾಲು ಚಾಚಿ ಕೂರಬಹುದು. ರೋಲಂಡ್‌ನದು ಹದಿನಾಲ್ಕು ಅಡಿ, ಮೈತುಂಬ ತೇಪೆ. ನಾಲ್ವರು ಉಸಿರು ಬಿಗಿಹಿಡಿದು ಕೂರಬೇಕು. ವರ್ಲಿನ್ ಎರಡನ್ನೂ ತಟ್ಟಿ ದೊಡ್ಡದಕ್ಕೆ ಸೈ ಅಂದ. ನೀರಿಗಿಳಿಸಿ ನೋಡಲು, ತೂಕಕ್ಕಿರಲಿ ಎಂದು ಅತ್ತೆ ಇರ್ಮಾಳನ್ನೂ ಕರೆದೊಯ್ದ.

ಒಂದು ಕೆರೆಯ ನೀರು ಇನ್ನೊಂದಕ್ಕೆ ಸೇರಬಾರದೆಂದು ಅಲ್ಲಿ ದೋಣಿಯನ್ನು ರಸ್ತೆಯಲ್ಲಿ ಒಯ್ಯುವಾಗ ಹಿಂಬದಿಯ ತೂತಿನ ಬಿರಡೆ ಬಿಚ್ಚಿಡಬೇಕು, ನೀರಿಗಿಳಿಸುವ ಮುನ್ನ ಮತ್ತೆ ಹಾಕಬೇಕು. ಆರ್ಡಿಸ್ ಆ ಹಿತ್ತಾಳೆ ಬಿರಡೆಯನ್ನು ಅವನ ಕೈಗೇ ಕೊಟ್ಟಿದ್ದಳು. ದಡದಲ್ಲಿ ಅತ್ತೆಗೆ ಅಲ್ಯೂಮಿನಿಯಂ ಮಹಾತ್ಮೆ ಕೊರೆಯುತ್ತ ಅವನು ಅದನ್ನು ಕೋಟಿನ ಜೇಬಿಗೆ ಇಳಿಸಿದ. ಕೆರೆಯ ನಡುವೆ ಹೋಗುವಷ್ಟರಲ್ಲಿ ನೀರು ಹಿಮ್ಮಡಿ ಮುಟ್ಟಿತು. ಅತ್ತೆ ಕಾಲೆತ್ತಿ ಆಸನದ ಮೇಲಿಟ್ಟುಕೊಂಡಳು.

ಗಂಡ ಸತ್ತವಳ ಮುಂದೆ ಅವಳ ಗಂಡನ ದೋಣಿ ಸೋರುತ್ತೆ ಅನ್ನುವುದುಂಟೆ? ಆ ಸೀಮೆಯಲ್ಲಿ ಮುಖದ ಮೇಲೆ ಬೇಡ ಅನ್ನುವುದೂ ಬೈಗುಳಕ್ಕೆ ಸಮ. ದೋಣಿ ಭಾರಿ ಚೆನ್ನಾಗಿದೆ, ನಮ್ಮಂಥವರಿಗೆ ಅಷ್ಟು ದೊಡ್ಡದು ಯಾಕೆ ಎಂದು ರಾಗ ಎಳೆದು ವರ್ಲಿನ್ ಅದನ್ನು ವಾಪಸು ಮಾಡಿದ. ನಿಜ ಹೇಳಿದ್ದರೆ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಬಿರಡೆ ಹಾಕಿದ್ದೆಯಾ? ಸಂಜೆ ತೇಪೆ ದೋಣಿ ಮನೆಗೆ ಬಂತು. ಆರ್ಡಿಸ್‌ಳದು ಬರೀ ಜರಡಿ ಎಂದು ಡೆಲ್ಮರ್‌ನ ಕಿವಿಯಲ್ಲಿ ಊದಿದ್ದೂ ಆಯಿತು.

ಶನಿವಾರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹತ್ತುವಷ್ಟರಲ್ಲಿ ದೋಣಿ ತುಂಬಿತು. ಅತ್ತೆ ಜಾಗವಿಲ್ಲದೆ ಮಗ ಡೆಲ್ಮರ್‌ನ ಜೊತೆ ಹೋದಳು. ಸ್ವಲ್ಪ ಹೊತ್ತಿಗೆ ಡೆಲ್ಮರ್ ಪಕ್ಕದಲ್ಲೇ ತೇಲಿಬಂದ, ಆರ್ಡಿಸ್‌ಳ ದೋಣಿಯಲ್ಲಿ. ನಡುವಿನ ಆಸನದಲ್ಲಿ ಅತ್ತೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಳು. ಅದು ಈಗ ಮುಳುಗೀತು, ಆಗ ಮುಳುಗೀತು ಎಂದು ವರ್ಲಿನ್ ಕಾದ. ಒಂದು ಹನಿ ಒಳಗೆ ಬರಲಿಲ್ಲ. ಕೊನೆಗೆ ಗಾಳದ ಕೊಕ್ಕೆಗೆಂದು ಕೋಟಿನ ಜೇಬಿಗೆ ಕೈ ಹಾಕಿದ. ಅಂಗೈಗೆ ಹಿತ್ತಾಳೆ ಬಿರಡೆ ಬಂತು.

ಮಾರ್ಲಿಸ್ ಬಿರಡೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಅಯ್ಯೋ, ಅದಿನ್ನೂ ನಿನ್ ಹತ್ರಾನೇ ಇದ್ಯಾ?" ಎಂದಳು ಅತ್ತೆ. "ಡೆಲ್ಮರ್ ಹೊಸದು ತಂದು ಹಾಕಿದ."

"ಅತ್ತೆ, ನಾನು ಜೇಬಿಗೆ ಹಾಕಿದ್ದು ನೀವು ನೋಡಿದ್ರಾ? ಅವತ್ತೇ ಹೇಳ್ಬಾರ್ದಿತ್ತಾ?"

"ನೀನು ಅಲ್ಯೂಮಿನಿಯಂ ಬಗ್ಗೆ ಅಷ್ಟು ಚೆನ್ನಾಗಿ ಹೇಳ್ತಿದ್ದೆ. ಮಧ್ಯೆ ಬಾಯಿ ಹಾಕಿದ್ರೆ ಮರ್ಯಾದೆ ಅಲ್ಲ ಅಂತ ಸುಮ್ಮನಾದೆ."

ಅಷ್ಟರಲ್ಲಿ ಡೆಲ್ಮರ್‌ನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಅವನು ತಿರುಗಿಯೂ ನೋಡದೆ, "ವರ್ಲಿನ್, ಬಲೆ," ಎಂದ.

ವರ್ಲಿನ್ ಸ್ವಂತ ದೋಣಿಯಲ್ಲಿ ಕೂತೇ ಬಲೆ ಚಾಚಿದ.