ಜೇನುಹಿಂಡಿನಿಂದ ಬಂದ ಪರೀಕ್ಷೆ

ಅಜ್ಜಾವರದಲ್ಲಿ ಹಸು ಕಾಣೆಯಾದರೆ ಪ್ರಶ್ನೆ ಇಡಲು ಜೋಯಿಸರುಂಟು. ಇಂಗ್ಲಿಷ್ ಶಬ್ದದ ತಾಯ್ತಂದೆ ಕಾಣೆಯಾದರೆ ನನ್ನ ಸೋದರಮಾವನೇ ಗತಿ! ಯಾರಿಗೂ ಕಾಣೆಯಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮಾವ ಮಂಗಳೂರಿನ ಪಾದ್ರಿಯೊಬ್ಬರಲ್ಲಿ ಒಂದೇ ವರ್ಷ ಲ್ಯಾಟಿನ್ ಕಲಿತವರು. ಚಳಿಜ್ವರವಾದರೂ ಬಿಡುತ್ತದೆ, ಇದು ಬಿಡಲಿಲ್ಲ. ಊರ ಶಾಲೆಯಲ್ಲಿ ಹಂಗಾಮಿ ಇಂಗ್ಲಿಷ್ ಮಾಸ್ಟ್ರಾದರು. 'ಪೆನ್ಸಿಲ್' ಅಂದರೆ ಮೂಲದಲ್ಲಿ ಸಣ್ಣ ಬಾಲ ಎಂದು ವಿವರಿಸಲು ಇಡೀ ಪೀರಿಯಡ್ ಹೋಯಿತು. ಮಕ್ಕಳು ವಾರವಿಡೀ ಪೆನ್ಸಿಲನ್ನು ಚಡ್ಡಿಯ ಹಿಂದೆ ಸಿಕ್ಕಿಸಿಕೊಂಡು ತಿರುಗಿದರು!

"ಶಬ್ದಕ್ಕೆಲ್ಲ ಬೇರು ಉಂಟು, ನಿಮ್ಮ ಕೆಲಸಕ್ಕೆ ಉಂಟಾ?" ಎಂದು ಅತ್ತೆ ಕೇಳುತ್ತಿದ್ದರು.

ಬೇರು ಬಿಡುವ ಯೋಗವೊಂದು ಬಂತು. ವಾರ್ಷಿಕೋತ್ಸವದ ಚರ್ಚಾಕೂಟ, ಕೆಲಸ ಖಾಯಂ ಮಾಡಬಹುದೋ ಎಂದು ತೂಗಿನೋಡಲು ಮ್ಯಾನೇಜರು ಮುಂದಿನ ಸಾಲಿನಲ್ಲಿ. ಕಾಲೇಜಿನಲ್ಲಿ ಕಪ್ ಗೆದ್ದ ಅಳಿಯನೆಂದು ಮಾವನೇ ನನ್ನನ್ನು ಹೆಮ್ಮೆಯಿಂದ ಎದುರುಪಕ್ಷಕ್ಕೆ ಕರೆಸಿದ್ದರು. ವಿಷಯ: ಪರೀಕ್ಷೆ ಬೇಕೆ? ಮಾವ ಎದ್ದು, "ಎಕ್ಸಾಮಿನೇಶನ್ನಿನ ಮೂಲದಲ್ಲಿ ಒಂದು ಜೇನುಹಿಂಡು ಉಂಟು" ಎಂದರು.

ಬಿಡುತ್ತೇನೆಯೇ ನಾನು?

"ಅಧ್ಯಕ್ಷರೇ, ಹಾಗಾದರೆ ಹಾಲ್‌ಟಿಕೇಟಿನ ಜೊತೆ ಹೊಗೆ ಹಾಕಲು ತೆಂಗಿನಗರಿಯ ಸೂಟೆಯನ್ನೂ ಕೊಡಬೇಡವೇ? ಮಾಸ್ಟ್ರ ಹಿತ್ತಿಲಲ್ಲಿ ಜೇನುಪೆಟ್ಟಿಗೆ ಉಂಟು, ಲ್ಯಾಟಿನ್ನಿನಲ್ಲಿ ಜೇನು ಸಿಕ್ಕಿತು. ದನದ ಹಟ್ಟಿಯೂ ಉಂಟು, ನಾಳೆ ಎಮ್ಮೆ ಸಿಕ್ಕೀತು! ಆಧಾರ ಎಲ್ಲಿ?"

ಸಭೆ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರು ಕಣ್ಣೊರೆಸಿಕೊಂಡು ನಕ್ಕರು. ಮಾವ ಪಕ್ಕದ ಚೀಲಕ್ಕೆ ಕೈ ಹಾಕಿದರು, ನನ್ನನ್ನು ನೋಡಿದರು, ಕೈ ಹಿಂದೆಗೆದು ಕುಳಿತರು. ಜೂನಿನಲ್ಲಿ ಶಾಲೆಗೆ ಬೇರೆ ಮಾಸ್ಟ್ರು ಬಂದರು.

ಎರಡು ವರ್ಷದ ಮೇಲೆ ಕಾಲೇಜಿನ ಲೈಬ್ರರಿಯಲ್ಲಿ, ಯಾರನ್ನೋ ಸೋಲಿಸಲೆಂದೇ, ದಪ್ಪ ಲ್ಯಾಟಿನ್ ನಿಘಂಟು ತೆರೆದೆ. 'ಎಕ್ಸಾಮೆನ್': ಜೇನುಹಿಂಡು. ಕೆಳಗೇ ಇನ್ನೊಂದು ಅರ್ಥ: ತಕ್ಕಡಿಯ ಮುಳ್ಳು. ತೂಗಿನೋಡುವುದೇ ಪರೀಕ್ಷೆ. ತೂಗದೆ ತೀರ್ಪು ಕೊಟ್ಟವನು ನಾನೊಬ್ಬನೇ!

ಮರುದಿನವೇ ಬಸ್ಸು ಹತ್ತಿದೆ. ಮಾವ ಜೇನುಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಮಾವ, ಅಂದು ನೀವು ಹೇಳಿದ್ದೇ ಸರಿ."

"ಗೊತ್ತುಂಟು ಮಾರಾಯ. ಪಾದ್ರಿಗಳು ಕೊಟ್ಟ ಪುಸ್ತಕ ಚೀಲದಲ್ಲೇ ಇತ್ತು."

"ಮತ್ತೆ ತೆಗೆಯಲಿಲ್ಲ ಎಂತಕ್ಕೆ?"

"ಅಷ್ಟು ಜನರ ಎದುರು ಅಳಿಯನನ್ನು ಸೋಲಿಸುದುಂಟಾ? ಅದೂ ನಾನೇ ಕರೆಸಿ?"

  ಮಾವ ಜೇನಿನ ಎರಿಯ ತುಂಡೊಂದನ್ನು ಮುರಿದು ನನ್ನ ಕೈಗಿಟ್ಟರು.

"ತಿನ್ನು. ಭಾಷಣದ ಗಂಟಲು, ಒಣಗಬಾರದು."