ನರಸಮ್ಮನ ಕೋಳಿಯನ್ನು ಸ್ವೀಕರಿಸದ ಬಗ್ಗೆ

ಮಧುಗಿರಿಯ ನಮ್ಮ ದಯಾನಿಧಿ ಕ್ರೈಸ್ತ ಸಭೆಯಲ್ಲಿ ಕೊಡುವವರು ನೂರಾರು ಮಂದಿ ಇದ್ದು, ತೆಗೆದುಕೊಳ್ಳುವವರು ಒಬ್ಬರೇ ಉಳಿದಿದ್ದಾರೆ ಎಂಬುದನ್ನು ಮೊದಲಿಗೆ ಸರ್ವರ ಗಮನಕ್ಕೆ ತರಲಾಗಿದೆ. ಆ ಒಬ್ಬರು ಶ್ರೀಮತಿ ನರಸಮ್ಮನವರು, ವಿಧವೆ, ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿ. ಬಡವರನ್ನು ಏಕವಚನದಲ್ಲಿ ಕರೆಯುವುದು ಸಭೆಯ ವಾಡಿಕೆಯಾದ್ದರಿಂದ ಇನ್ನು ಮುಂದೆ ನರಸಮ್ಮ ಎಂದಷ್ಟೇ ಬರೆಯಲಾಗುವುದು.

ಮೊದಲು ಹೀಗಿರಲಿಲ್ಲ. ನಮ್ಮಲ್ಲೂ ಒಂದು ಬೆಂಚಿನ ತುಂಬ ಬಡವರಿದ್ದರು. ಕೆಲವರು ತೀರಿಕೊಂಡರು. ಕೆಲವರ ಮಕ್ಕಳಿಗೆ ಕೆಲಸ ಸಿಕ್ಕಿತು. ಒಬ್ಬನಂತೂ ಅಕ್ಕಿಯ ಜೊತೆ ಎಣ್ಣೆಯನ್ನೂ ಕೊಡುತ್ತಾರೆಂದು ಇನ್ನೊಂದು ಸಭೆಗೆ ಹೊರಟೇಹೋದ. ಉಳಿದವಳು ನರಸಮ್ಮ. ಹಾಗಾಗಿ ಕ್ರಿಸ್‌ಮಸ್ಸಿನ ಸೀರೆ, ಈಸ್ಟರಿನ ಕಂಬಳಿ, ಯಾರದೋ ಮದುವೆಯ ಬೆಳ್ಳಿಹಬ್ಬದ ಗೋಡೆ ಗಡಿಯಾರ, ಎಲ್ಲವೂ ಅವಳಿಗೇ ಹೋಗುತ್ತವೆ. ಬೆಟ್ಟದ ಬಂಡೆ ಕಾದು ಊರೆಲ್ಲ ಬೇಯುವ ಏಪ್ರಿಲ್ ತಿಂಗಳಲ್ಲಿ ಅವಳ ಒಂದಂಕಣದ ಮನೆಯೊಳಗೆ ಕಂಬಳಿಗಳು ಸೂರಿನವರೆಗೆ ಪೇರಿಸಿರುತ್ತವೆ. ಅವಳೂ ಮೊಮ್ಮಗಳು ಲೋಹಿತಾಳೂ ಹೊರಗೆ ಜಗಲಿಯ ಮೇಲೆ ಮಲಗುತ್ತಾರೆ.

ಕೊಡುವಾಗ ಫೋಟೋ ಕಡ್ಡಾಯ. ಒಂದು ಸಲ ನರಸಮ್ಮ ನಾವೇ ಕೊಟ್ಟ ಹೊಸ ಸೀರೆ ಉಟ್ಟು ಬಂದುಬಿಟ್ಟಳು. ಫೋಟೋದಲ್ಲಿ ಯಾರು ಯಾರಿಗೆ ಕೊಡುತ್ತಿದ್ದಾರೆಂದು ತಿಳಿಯದೆ ಭಾರೀ ಗೊಂದಲವಾಯಿತು. ಅಂದಿನಿಂದ ಅವಳ ಹರಿದ ಸೀರೆಯೊಂದನ್ನು ಸಭೆಯೇ ವಶಕ್ಕೆ ಪಡೆದು, ಇಸ್ತ್ರಿ ಮಾಡಿಸಿ, ಬೀರುವಿನಲ್ಲಿ ಇಟ್ಟಿದೆ. ಫೋಟೋಕ್ಕೆ ಮುಂಚೆ ಉಟ್ಟು, ಆಮೇಲೆ ಮಡಿಸಿ ಹಿಂದಿರುಗಿಸತಕ್ಕದ್ದು. ಹರಿದ ಜಾಗ ಇನ್ನಷ್ಟು ಹರಿಯದಿರಲೆಂದು ಒಳಗಿನಿಂದ ಹೊಲಿಗೆಯನ್ನೂ ಹಾಕಿಸಲಾಗಿದೆ.

ನಮ್ಮ ಪಾದ್ರಿಗಳಾದ ಅಯ್ಯನವರು ವರ್ಷಕ್ಕೊಮ್ಮೆ, ತನ್ನಲ್ಲಿದ್ದದ್ದನ್ನೆಲ್ಲ ದೇವರಿಗೆ ಕೊಟ್ಟ ಬಡ ವಿಧವೆಯ ವಿಷಯವಾಗಿ ಪ್ರಸಂಗ ಮಾಡುತ್ತಾರೆ. ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತೇವೆ. ಆಮೇಲೆ ಕಾಣಿಕೆ ಚೀಲ ಬೆಂಚಿನಿಂದ ಬೆಂಚಿಗೆ ಬರುತ್ತದೆ. ನರಸಮ್ಮ ಕೂತ ಕಡೆ ಮಾತ್ರ ಅವಳ ತಲೆಯ ಮೇಲಿಂದ ದಾಟಿ ಹೋಗುತ್ತದೆ. ಇದು ದಯೆಯಿಂದ ಮಾಡಿದ ಏರ್ಪಾಟು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ನವೆಂಬರಿನಲ್ಲಿ ಈ ವರ್ಷದ ಸುಗ್ಗಿ ಹಬ್ಬ ಬಂತು. ಸುಗ್ಗಿ ಹಬ್ಬದ ದಿನ ಸಭೆಯವರು ತಮ್ಮ ತಮ್ಮ ಹೊಲ ತೋಟದಲ್ಲಿ ಬೆಳೆದದ್ದನ್ನು ತಂದು ದೇವರಿಗೆ ಅರ್ಪಿಸುತ್ತಾರೆ. ಅದನ್ನು ಅಂಗಳದಲ್ಲೇ ಹರಾಜು ಹಾಕುತ್ತೇವೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತೇವೆ, ಹರಾಜಿನಲ್ಲಿ ಕೊಂಡವರ ಹೆಸರನ್ನೂ ಕೂಗುತ್ತೇವೆ. ದೇವರಿಗೆ ಕಿವಿ ಮಂದವೆಂದು ಯಾರೂ ಹೇಳಿಲ್ಲ. ಆದರೂ ನಾಲ್ಕು ಸ್ಪೀಕರ್ ಕಟ್ಟುತ್ತೇವೆ.

ಬೆಳಿಗ್ಗೆ ಗೇಟಿನ ಹತ್ತಿರ ಕಾರ್ಯದರ್ಶಿ ಪರ್ವತಯ್ಯನವರು ನಿಂತಿದ್ದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ನಿಯಮವಿಲ್ಲದೆ ನೀರನ್ನೂ ಕುಡಿಯುವವರಲ್ಲ. ನರಸಮ್ಮ ಕಂಕುಳಲ್ಲಿ ಕೆಂಪು ಕೋಳಿಯೊಂದನ್ನು ಅವುಚಿಕೊಂಡು ಬಂದಳು. ಹಿಂದೆ ಲೋಹಿತಾ, ಆಸ್ಪತ್ರೆಯಿಂದ ಬಂದು ಇನ್ನೂ ಮೈ ಹಿಡಿಯದ ಎಂಟು ವರ್ಷದ ಹುಡುಗಿ.

“ಏನ್ ನರಸಮ್ಮ, ಕೋಳಿ ಹಿಡ್ಕೊಂಡು ಎಲ್ಲಿಗೆ?”

“ಇಲ್ಲಿಗೇ ಕಣಪ್ಪ. ಕಾಣ್ಕೆ. ಮಗೀಗೆ ಡೆಂಗಿ ಜರ ಬಂದಿತ್ತಲ್ಲ, ಉಳಕಂಡ್ರೆ ಮೊಟ್ಟೆ ಇಕ್ಕೋ ಕೋಳೀನೇ ಕೊಟ್ಬುಡ್ತೀನಿ ಅಂತ ದೇವ್ರಿಗೆ ಅಂದಿದ್ದೆ. ಉಳಕಂಡ್ಳು.”

“ಯಾರು ಕೊಡೋದು?”

“ನಾನೇಯಾ.”

“ನೀನು ಕೊಡೋ ಹಂಗಿಲ್ಲ ಕಣಮ್ಮ. ನೀನು ತಗೊಳೋಳು.”

“ತಗಂಡು ತಗಂಡು ಕೈ ಸೋತೋಗವೆ ಕಣಪ್ಪ. ಒಂದ್ಸಲ ಕೊಡಾಕೆ ಬುಡು. ಕೊಟ್ಟೋಳು ನರಸಮ್ಮ ಅಂತ ಮೈಕ್ನಾಗೆ ಒಂದ್ಸಲ ಅಂದ್ಬುಡ್ರಿ, ಈ ಮಗ ಕೇಳ್ಲಿ. ಅಷ್ಟೇ ಸಾಕು.”

ಪರ್ವತಯ್ಯನವರು ಅವಳನ್ನು ಗೇಟಿನಲ್ಲೇ ನಿಲ್ಲಿಸಿ ಕಮಿಟಿಯ ತುರ್ತು ಸಭೆ ಕರೆದರು. ವಿಷಯದ ಗಾಂಭೀರ್ಯವನ್ನು ಅವರೇ ಮಂಡಿಸಿದರು. ಕೋಳಿ ಕೊಟ್ಟ ಕ್ಷಣದಿಂದ ನರಸಮ್ಮ ದಾನಿಯಾಗುತ್ತಾಳೆ. ದಾನಿಗೆ ದಾನ ಕೊಡಲು ಬರುವುದಿಲ್ಲ. ಆಗ ಸಭೆಯಲ್ಲಿ ಬಡವರ ಸಂಖ್ಯೆ ಶೂನ್ಯ. ಬಡವರಿಲ್ಲದ ಮೇಲೆ ನಾವೆಲ್ಲ ಯಾರಿಗೆ ಕೊಡುವುದು, ಕೊಡದೆ ಎಂಥ ಕ್ರೈಸ್ತರಾಗಿರುವುದು?

ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಚಿರಂಜೀವಿಯವರು. ಪಾವಗಡದ ಕಡೆಯ ತೆಲುಗು ಮನೆಮಾತಿನವರು, ಜಮೀನನ್ನೆಲ್ಲ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟು ಮಧುಗಿರಿಯಲ್ಲಿ ಮನೆ ಕಟ್ಟಿಸಿದವರು, ಸಭೆಯ ದೊಡ್ಡ ದಾನಿಗಳು. “ಕ್ರಿಸ್‌ಮಸ್ ಸೀರೆ ಫ್ಲೆಕ್ಸು ಆಗ್ಲೇ ಪ್ರಿಂಟಾಗೋಯ್ತು ಸಾಮಿ. ಅದ್ರಾಗೆ ಈಯಮ್ಮನ ಫೋಟೋ ಐತೆ. ಇಪ್ಪುಡು ಏಂ ಚೇಯಾಲಿ, ಈಗೇನ್ ಮಾಡೋದು? ಎಲ್ಲಿಂದ ತರೋಣ ಇನ್ನೊಬ್ಬಳನ್ನ?” ಎಂದರು.

ಸಿರಾ ಸಭೆಗೆ ಫೋನ್ ಮಾಡಲಾಯಿತು. ಅವರ ಬಡವರೆಲ್ಲ ಹೊಸ ವರ್ಷದವರೆಗೂ ಬುಕ್ ಆಗಿದ್ದಾರೆಂದು ತಿಳಿದುಬಂತು. ಕೊರಟಗೆರೆಯವರು ಒಬ್ಬ ಮುದುಕನನ್ನು ಎರವಲು ಕೊಡಲು ಒಪ್ಪಿದರು. ಆದರೆ ಕಾರು ಕಳಿಸಬೇಕು, ಊಟ ಹಾಕಬೇಕು, ಫೋಟೋದಲ್ಲಿ ತಮ್ಮ ಸಭೆಯ ಹೆಸರೂ ಬರಬೇಕು ಎಂದರು. ಚಿರಂಜೀವಿಯವರು ಒಪ್ಪಲಿಲ್ಲ. ಕೊನೆಗೆ ನರಸಮ್ಮನನ್ನೇ ಒಳಗೆ ಕರೆದು ಬುದ್ಧಿ ಹೇಳುವುದೆಂದಾಯಿತು.

“ನೋಡಮ್ಮ, ದೇವರು ನಿನ್ನ ಮನಸ್ಸನ್ನು ನೋಡಿಯಾಯಿತು,” ಎಂದರು ಅಯ್ಯನವರು. “ಕೋಳಿ ಮನೆಗೆ ತಗೊಂಡು ಹೋಗು.”

“ಮನಸ್ಸು ಕೊಡ್ತೀನಿ ಅಂದಿರ್ಲಿಲ್ಲ ಅಯ್ನೋರೆ. ಕೋಳಿ ಅಂದಿದ್ದೆ.” ನರಸಮ್ಮ ಕೋಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. “ನಿಮ್ ಪ್ರಸಂಗದಾಗೆ ಒಬ್ಳು ಮುದ್ಕಿ ಬತ್ತಾಳಲ್ಲ, ಇದ್ದಿದ್ದೆಲ್ಲ ಕೊಟ್ಬುಡ್ತಾಳಲ್ಲ. ಅವ್ಳು ಕೊಡುವಾಗ ಕಮಿಟಿ ಕರೆದಿದ್ರಾ?”

ಅಯ್ಯನವರು, “ಆ ಕಾಲದಲ್ಲಿ ಕಮಿಟಿ ಇರಲಿಲ್ಲ,” ಎಂದರು. ಉತ್ತರ ಸರಿಯಾಗಿದೆ ಎಂದು ಎಲ್ಲರೂ ತಲೆಯಾಡಿಸಿದರು.

ಆಗ ಪರ್ವತಯ್ಯನವರ ಸರ್ಕಾರಿ ಅನುಭವ ಕೈ ಹಿಡಿಯಿತು. ಅವರು ನಿಂತ ನಿಲುವಿನಲ್ಲೇ ನಿರ್ಣಯ ಬರೆಸಿದರು: “ಸದರಿ ಕೋಳಿಯನ್ನು ‘ಒಂದು ಕೋಳಿ’ ಎಂದು ಹರಾಜಿಗೆ ಇಡತಕ್ಕದ್ದು. ಅದು ಎಲ್ಲಿಂದ ಬಂತೆಂದು ಯಾರೂ ವಿಚಾರಿಸತಕ್ಕದ್ದಲ್ಲ. ನರಸಮ್ಮನ ಹೆಸರನ್ನು ಮೈಕಿನಲ್ಲಿ ಒಮ್ಮೆ ಹೇಳತಕ್ಕದ್ದು.” ಕೊನೆಯ ವಾಕ್ಯವನ್ನಷ್ಟೇ ಅವಳಿಗೆ ಓದಿ ಹೇಳಲಾಯಿತು. ನರಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಅವಳು ನಮ್ಮ ಮುಂದೆ ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. ಫೋಟೋಗಳಲ್ಲಿ ನಗಬಾರದೆಂದು ಸೂಚನೆ ಇತ್ತು.

ಹರಾಜು ಶುರುವಾಯಿತು. ಚಿರಂಜೀವಿಯವರ ಬಾಳೆಗೊನೆ, ಖಜಾಂಚಿ ಅಂಬರೀಶರ ದಾಳಿಂಬೆ ಬುಟ್ಟಿ, ಹೆಸರು ಹೆಸರಾಗಿ ಬಿಕರಿಯಾದವು. ಕೋಳಿಯ ಸರದಿ ಬಂದಾಗ ಮೈಕು “ಒಂದು ಕೋಳಿ” ಎಂದಿತು. ನರಸಮ್ಮ ಮೊಮ್ಮಗಳ ಭುಜ ಹಿಡಿದು ಮುಂದೆ ಬಂದು ನಿಂತಳು, ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು. ಚಿರಂಜೀವಿಯವರಿಗೂ ಅಂಬರೀಶರಿಗೂ ಹಳೆಯ ಜಿದ್ದು. ಅವರು ಕೂಗಿದ ದರಕ್ಕೆ ಹುಲಿಕುಂಟೆಯ ಸಂತೆಯಲ್ಲಿ ನಾಲ್ಕು ಕುರಿ ಬರುತ್ತಿದ್ದವು. ಕೋಳಿ ಚಿರಂಜೀವಿಯವರ ಪಾಲಾಯಿತು. ಅವರು ಮೈಕು ಕೈಗೆ ತೆಗೆದುಕೊಂಡು, ಈ ಕೋಳಿಯನ್ನು ಸಭೆಯ ಬಡವರಿಗೆ ದಾನ ಮಾಡುತ್ತಿದ್ದೇನೆ ಎಂದರು. ಚಪ್ಪಾಳೆ ನಿಲ್ಲುವವರೆಗೆ ಕಾದು ಪರ್ವತಯ್ಯನವರು ಘೋಷಿಸಿದರು: “ದಾನ ಕೊಟ್ಟವರು ಚಿರಂಜೀವಿಯವರು. ಪಡೆದುಕೊಂಡವಳು ನರಸಮ್ಮ.”

ನಿರ್ಣಯದಂತೆ ಹೆಸರನ್ನು ಒಮ್ಮೆ ಹೇಳಿಯಾಗಿತ್ತು.

ನರಸಮ್ಮ ನಿಂತಲ್ಲೇ ನಿಂತಳು. ಯಾರೋ ಬೀರುವಿನಿಂದ ಹರಿದ ಸೀರೆ ತಂದು ಅವಳ ಕೈಗಿಟ್ಟರು. ಅವಳು ಒಳಗೆ ಹೋಗಿ ಉಟ್ಟು ಬಂದಳು, ಫೋಟೋ ಆಯಿತು. “ಅಜ್ಜಿ, ನಮ್ ಕೋಳೀನ ನಮಗೇ ಯಾಕೆ ಕೊಟ್ರು?” ಎಂದು ಲೋಹಿತಾ ಎಲ್ಲರಿಗೂ ಕೇಳುವಂತೆ ಕೇಳಿದಳು. ಮಗುವಿಗೆ ಸಂಡೇ ಸ್ಕೂಲಿನಲ್ಲಿ ಕೃತಜ್ಞತೆಯ ಪಾಠ ಸಾಲದೆಂದು ಗುರುತು ಹಾಕಿಕೊಳ್ಳಲಾಯಿತು. ನಮಗೆ ನಾಚಿಕೆಯಾಗಬೇಕಿತ್ತು. ಆದರೆ ಆ ವಿಷಯ ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

ವಿಷಯ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನರಸಮ್ಮ ಮನೆಗೆ ಹೋದವಳು, ಕೋಳಿಯನ್ನು ಪಕ್ಕದ ಮನೆಯ ರಾಮಾಂಜಿನಮ್ಮನಿಗೆ ಕೊಟ್ಟುಬಿಟ್ಟಳು. ರಾಮಾಂಜಿನಮ್ಮನ ಮಗಳು ಹೆರಿಗೆಗೆ ಬಂದವಳು, ಹಸಿ ಬಾಣಂತಿ. “ದೇವ್ರಿಗೆ ಅಂದಿದ್ದು ಕಣವ್ವ. ಅಲ್ಲಿ ಯಾರೂ ತಗಳ್ಲಿಲ್ಲ. ನೀನಾದ್ರೂ ತಗಾ, ಬಾಣಂತಿಗೆ ಸಾರು ಮಾಡಾಕು,” ಎಂದಳಂತೆ. ರಾಮಾಂಜಿನಮ್ಮ ಎರಡೂ ಕೈಯಲ್ಲಿ ಇಸ್ಕೊಂಡಳಂತೆ.

ಸುದ್ದಿ ಸಂಜೆಯೊಳಗೆ ಕಮಿಟಿಗೆ ಮುಟ್ಟಿತು. ದಾನದ ಕೋಳಿಯನ್ನು ಅನ್ಯರಿಗೆ ವರ್ಗಾಯಿಸಿದ್ದು ಒಂದು ತಪ್ಪು, ಬಡವಳಾಗಿದ್ದುಕೊಂಡು ಕೊಟ್ಟದ್ದು ಇನ್ನೊಂದು ತಪ್ಪು. ಕಮಿಟಿಯವರು ಚಿರಂಜೀವಿಯವರ ಕಾರಿನಲ್ಲೇ ಹೋದರು. ರಾಮಾಂಜಿನಮ್ಮ ಒಲೆಯ ಮೇಲೆ ನೀರಿಟ್ಟಿದ್ದಳು. ಕೋಳಿ ಹಿತ್ತಿಲಲ್ಲಿ ಕಟ್ಟಿತ್ತು. ಕಾಲಿಗೆ ಹರಾಜಿನ ರಿಬ್ಬನ್ ಇದ್ದುದರಿಂದ ಗುರುತು ಸುಲಭವಾಯಿತು.

“ಬಾಣಂತಿ ಐತೆ ಕಣ್ರಪ್ಪ,” ಎಂದಳು ರಾಮಾಂಜಿನಮ್ಮ.

“ನಿಮ್ಮ ಮಗಳು ನಮ್ಮ ಸಭೆಯವಳಲ್ಲ,” ಎಂದರು ಪರ್ವತಯ್ಯನವರು, ಸೌಜನ್ಯದಿಂದಲೇ. ಕೋಳಿಯನ್ನು ಬಿಚ್ಚಿ ತಂದು ಪಕ್ಕದ ಮನೆಯ ಬಾಗಿಲಲ್ಲಿ ನರಸಮ್ಮನಿಗೆ ಮತ್ತೆ ದಾನ ಮಾಡಲಾಯಿತು. ಫೋಟೋದ ಹರಿದ ಸೀರೆಯನ್ನು ಕಾರಿನಲ್ಲೇ ಒಯ್ದಿದ್ದರು.

ಮುಂದಿನ ಭಾನುವಾರ ಪ್ರಕಟಣೆ ಓದಲಾಯಿತು. ಇನ್ನು ಮುಂದೆ ಸಭೆಯ ಬಡವರು ಸಭೆಗಾಗಲಿ, ದೇವರಿಗಾಗಲಿ, ನೆರೆಹೊರೆಯವರಿಗಾಗಲಿ ಏನನ್ನೂ ಕೊಡತಕ್ಕದ್ದಲ್ಲ. ಪ್ರತಿ ವರ್ಷದ ಸುಗ್ಗಿ ಹಬ್ಬದಲ್ಲಿ ಚಿರಂಜೀವಿಯವರು ಇದೇ ಕೋಳಿಯನ್ನು ಇದೇ ನರಸಮ್ಮನಿಗೆ ದಾನ ಮಾಡುವರು. ಆದಕಾರಣ ಕೋಳಿಯನ್ನು ಜೀವಂತವಾಗಿ ಕಾಪಾಡುವ ಹೊಣೆ ಅವಳದು. ಅಯ್ಯನವರು ಕೊಡುವ ಕೈಗಳಿಗಾಗಿ ಪ್ರಾರ್ಥಿಸಿದರು.

ಸಭೆಯೆಲ್ಲ ಆಮೆನ್ ಎಂದಿತು. ನರಸಮ್ಮನೂ ಎಂದಳು. ಅವಳಿಂದ ನಾವು ತೆಗೆದುಕೊಳ್ಳುವುದು ಅದೊಂದೇ.