ಕಹಿ ನೋಡುವ ಕೆಲಸ

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲೇ ಪ್ಯಾಕಿಂಗ್ ವಿಭಾಗದ ಅಕ್ಕ ಒಂದು ಲೋಟ ಕಾಫಿ ಕೈಗಿಟ್ಟಿದ್ದೇ ಎಲ್ಲಕ್ಕೂ ಮೂಲ. ಕಾಫಿ ಕುದಿಯುತ್ತಿತ್ತು. ನಾಲಿಗೆರಾಯರು ಬೇಡವೆನ್ನಲಾರದೆ ಗುಟುಕರಿಸಿದರು. ನಾಲಿಗೆ ಬಿಸಿ ಹಂಚಿಗೆ ಬಿದ್ದ ಎಲೆಯಂತೆ ಮುದುಡಿಕೊಂಡಿತು.

ಅದು ಗಿಡಮೂಲಿಕೆ ಔಷಧಿಯ ಕಾರ್ಖಾನೆ. ಪ್ರತಿ ಸಲ ಕುದಿಸಿ ಇಳಿಸಿದ ಕಷಾಯದ ಕಹಿ ಒಂದೇ ಹದದಲ್ಲಿರಬೇಕು. ಅದಕ್ಕೆಂದು ಕಷಾಯಕ್ಕೆ ನೀರು ಬೆರೆಸಿ, ತೆಳುವಿನಿಂದ ಗಟ್ಟಿಯವರೆಗೆ ಹತ್ತು ಗ್ಲಾಸು ಸಾಲಾಗಿ ಇಡುತ್ತಾರೆ. ಮೊದಲು ಯಾವ ಗ್ಲಾಸಿನಲ್ಲಿ ಕಹಿ ತಿಳಿಯುತ್ತದೆಂದು ಹೇಳುವುದೇ ರಾಯರ ಕೆಲಸ, ನಾಲಿಗೆರಾಯರೆಂಬ ಹೆಸರು ಬಂದದ್ದೂ ಅದರಿಂದಲೇ. ವರ್ಷಗಟ್ಟಲೆ ನೆಕ್ಕಿ ನೆಕ್ಕಿ ಈಗ ಅವರಿಗೆ ಸಕ್ಕರೆಯೂ ಕಹಿ. "ಅಡುಗೆ ಹೇಗಿದೆ?" ಎಂದು ಕೇಳುವುದನ್ನು ಹೆಂಡತಿ ಎಂದೋ ಬಿಟ್ಟಿದ್ದಳು.

ಇವತ್ತು ಕಹಿ ಅಳೆಯುವ ಯಂತ್ರ ಬಂದಿತ್ತು. "ನಿಮ್ಮ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ತಾಳೆಯಾದ್ರೆ ಈ ನೆಕ್ಕೋ ಕೆಲಸ ಅದಕ್ಕೆ, ನಿಮಗೆ ಉಗ್ರಾಣದ ಕುರ್ಚಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಅದರ ಮೇಲೆ ಎಲ್ಲರಿಗೂ ಕಣ್ಣು," ಎಂದಿದ್ದರು ಮ್ಯಾನೇಜರು. ಹಾಗಾಗಿ ಯಂತ್ರ ಬಂದರೆ ರಾಯರ ಅನ್ನ ಹೋಯಿತೆಂದೇ ಉಳಿದವರೆಲ್ಲ ನಂಬಿದ್ದರು.

"ಅಯ್ಯೋ, ಕಣ್ಣಲ್ಲಿ ನೀರು ಬೇರೆ!" ಎಂದಳು ಅಕ್ಕ.

"ಕಾಫಿ ಸುಡ್ತಮ್ಮಾ..."

"ನನ್ನ ಮುಂದೆ ನಾಟಕ ಬೇಡ. ಬಾಯಿ ತೆಗೀರಿ." ದೊಡ್ಡ ಬೆಲ್ಲದ ಚೂರೊಂದು ಒಳಗೆ ಹೋಯಿತು.

"ನಿಜವಾಗ್ಲೂ ಸುಟ್ಟಿದ್ರೆ ಲವಂಗ ಕಚ್ಕೊಳ್ಳಿ," ಎಂದ ಲೇಬಲ್ ಅಂಟಿಸುವವ. ಅಷ್ಟಿಷ್ಟು ಜೀವವಿದ್ದ ನಾಲಿಗೆ ಈಗ ಪೂರ್ತಿ ಜೋಮು ಹಿಡಿಯಿತು.

ಪರೀಕ್ಷೆ ಶುರುವಾಯಿತು. ರಾಯರಿಗೆ ಹತ್ತು ಗ್ಲಾಸೂ ನಲ್ಲಿ ನೀರಿನಂತಿದ್ದವು.

"ಮೊದಲು ಯಂತ್ರ ಹೇಳ್ಲಿ ಸಾರ್. ಅದು ಅತಿಥಿ."

"ಅದೆಲ್ಲಾ ಆಗಲ್ಲ. ಇಬ್ಬರೂ ಬೇರೆ ಬೇರೆ ಚೀಟಿ ಕೊಡಿ," ಎಂದರು ಮ್ಯಾನೇಜರು.

ಈ ಕಷಾಯ ಸಾಮಾನ್ಯವಾಗಿ ಐದನೇ ಗ್ಲಾಸಿಗೆ ಸಿಕ್ಕಿಬೀಳುತ್ತಿತ್ತು. ರಾಯರು ಮನದಲ್ಲೇ ಕೈಮುಗಿದು ಐದೆಂದು ಬರೆದರು. ಯಂತ್ರ ತಂದಿದ್ದ ನರೆಗೂದಲಿನ ಇಂಜಿನಿಯರು ರಾಯರ ಒದ್ದೆ ಕಣ್ಣನ್ನೇ ನೋಡುತ್ತ, ಬಹಳ ಹೊತ್ತು ತಡೆದು, ತಮ್ಮ ಚೀಟಿ ಕೊಟ್ಟರು.

ಒಂಬತ್ತು!

ಮ್ಯಾನೇಜರು ನಕ್ಕರು. "ಇದು ಹೋದ ತಿಂಗಳೇ ಪಾಸಾದ ಕಷಾಯ. ಐದೇ ಸರಿ. ನಿಮ್ಮ ಯಂತ್ರ ವಾಪಸ್ ತಗೊಂಡ್ಹೋಗಿ. ರಾಯರೇ, ನಿಮ್ಮ ನಾಲಿಗೆ ಇರೋವರೆಗೂ ನಮಗೆ ಚಿಂತೆಯಿಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಯರು ಉಗ್ರಾಣದ ಬಾಗಿಲನ್ನೊಮ್ಮೆ ನೋಡಿ, ಮತ್ತೆ ತಮ್ಮ ಸ್ಟೂಲಿನ ಮೇಲೆ ಕೂತರು.

ಯಂತ್ರವನ್ನು ಡಬ್ಬಕ್ಕೆ ತುಂಬುತ್ತಿದ್ದ ಇಂಜಿನಿಯರು ಅವರ ಕಿವಿಯ ಬಳಿ ಬಗ್ಗಿದರು. "ಯಂತ್ರಾನೂ ಐದೇ ಅಂದಿತ್ತು ಅಣ್ಣ. ಬೆಳಿಗ್ಗೆಯಿಂದ ಅಳ್ತಾ ಇದ್ದೀರಂತೆ, ಆ ಅಕ್ಕ ಹೇಳಿದ್ರು. ನಮ್ಮಪ್ಪನ ಕೆಲ್ಸಾನೂ ಹೀಗೇ ಒಂದು ಯಂತ್ರ ತಿಂದಿತ್ತು. ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಮನಸ್ಸು ಬರ್ಲಿಲ್ಲ."

ಅಷ್ಟು ಒಳ್ಳೆಯ ಮುಖವನ್ನು ನೋಡಿಕೊಂಡು ಬೈಯುವುದಾದರೂ ಹೇಗೆ? ರಾಯರು ಕೈಮುಗಿದರು.

ಅಷ್ಟರಲ್ಲಿ ಅಕ್ಕ ಇನ್ನೊಂದು ಲೋಟ ಹಿಡಿದು ಬಂದಳು. "ಈ ಸಲ ಆರಿಸಿದ್ದೀನಿ. ಸಕ್ಕರೇನೂ ಜಾಸ್ತಿ ಹಾಕಿದ್ದೀನಿ. ಹೇಗಿದೆ?"

ರಾಯರು ಕುಡಿದರು. ಅವಳ ಮುಖ ನೋಡಿದರು.

"ಸಿಹಿಯಾಗಿದೆಯಮ್ಮ," ಎಂದರು.

ಅಂದು ಅವರು ಕೊಟ್ಟ ಎರಡನೆಯ ಸುಳ್ಳು ವರದಿ ಅದು.